ಒತ್ತಡ ನಿಯಂತ್ರಕ ಕವಾಟ

ಒತ್ತಡ ನಿಯಂತ್ರಕ ಕವಾಟವು ಕೊಳವೆಯಲ್ಲಿ ಹೆಚ್ಚಿನ ಒತ್ತಡದಿಂದ ಬರುವ ಹಬೆ, ಗಾಳಿ, ಅನಿಲ ಅಥವಾ ನೀರನ್ನು ಬೇಕಾದ ಕಡಿಮೆ ಒತ್ತಡಕ್ಕೆ ಇಳಿಸಿ, ಬಳಕೆ ಹೆಚ್ಚಿದರೂ ತಗ್ಗಿದರೂ ಆ ಒತ್ತಡವನ್ನು ಸರಿಸುಮಾರು ಒಂದೇ ಮಟ್ಟದಲ್ಲಿ ಕಾಯ್ದುಕೊಳ್ಳುವ ಸ್ವಯಂಚಾಲಿತ ಸಾಧನ. ಇದಕ್ಕೆ ವಿದ್ಯುತ್ತಾಗಲಿ ಬೇರೆ ಚಾಲಕ ಶಕ್ತಿಯಾಗಲಿ ಬೇಕಾಗಿಲ್ಲ. ಕೊಳವೆಯಲ್ಲಿರುವ ದ್ರವ್ಯದ ಒತ್ತಡವೇ ಇದನ್ನು ನಡೆಸುತ್ತದೆ. ಕಾರ್ಖಾನೆಗಳ ಆಡುಮಾತಿನಲ್ಲಿ ಇದನ್ನು ಪಿ.ಆರ್.ವಿ. ಅಥವಾ ಪ್ರೆಶರ್ ವಾಲ್ವ್ ಎನ್ನುವುದುಂಟು. ಮನೆಯ ಅಡುಗೆ ಅನಿಲದ ಸಿಲಿಂಡರಿನ ಮೇಲಿರುವ ರೆಗ್ಯುಲೇಟರ್ ಇದೇ ಜಾತಿಯ ಅತ್ಯಂತ ಪರಿಚಿತ ಉಪಕರಣವಾಗಿದೆ. ಉಡುಪಿ ಜಿಲ್ಲೆಯ ಬ್ರಹ್ಮಾವರ, ಕುಂದಾಪುರ ಮತ್ತು ಬೈಂದೂರು ತಾಲೂಕುಗಳ ಗೇರುಬೀಜ ಕಾರ್ಖಾನೆಗಳಲ್ಲಿಯೂ ಕುಚ್ಚಲಕ್ಕಿ ಗಿರಣಿಗಳಲ್ಲಿಯೂ ಬಾಯ್ಲರಿನ ಹಬೆಯನ್ನು ಹದಕ್ಕೆ ತರಲು ಇಂತಹ ಕವಾಟಗಳು ಬಳಕೆಯಲ್ಲಿವೆ. ಈ ಲೇಖನವು ಮುಖ್ಯವಾಗಿ ಹಬೆಯ ಕವಾಟದ ರಚನೆ, ಮರುಜೋಡಣೆ ಮತ್ತು ದೋಷಪತ್ತೆಯನ್ನು ಕುರಿತದ್ದಾಗಿದೆ.

## ಹೆಸರು

ಕವಾಟ ಎಂಬುದು ಬಾಗಿಲು ಅಥವಾ ಬಾಗಿಲ ಹಲಗೆ ಎಂಬ ಅರ್ಥದ ಸಂಸ್ಕೃತ ಪದ. ಕನ್ನಡದ ವಿಜ್ಞಾನ ಬರಹದಲ್ಲಿ ಇದು ಹೃದಯದ ಕವಾಟಕ್ಕೂ ಯಂತ್ರದ ಕವಾಟಕ್ಕೂ ಸಮಾನವಾಗಿ ಬಳಕೆಯಾಗುತ್ತದೆ. ಒತ್ತಡ ನಿಯಂತ್ರಕ ಕವಾಟ ಮತ್ತು ಸುರಕ್ಷಾ ಕವಾಟ ಒಂದೇ ಅಲ್ಲ. ಮೊದಲನೆಯದು ಸದಾ ಅರೆತೆರೆದ ಬಾಗಿಲಿನಂತೆ ಹರಿವನ್ನು ಅಳೆದು ಬಿಡುತ್ತದೆ. ಎರಡನೆಯದು ಸದಾ ಮುಚ್ಚಿದ್ದು, ಒತ್ತಡ ಮಿತಿಮೀರಿದಾಗ ಮಾತ್ರ ತೆರೆದು ಹಬೆಯನ್ನು ಹೊರಗೆ ಬಿಡುತ್ತದೆ. ಒಂದರ ಕೆಲಸವನ್ನು ಇನ್ನೊಂದಕ್ಕೆ ವಹಿಸುವುದು ಅಪಾಯಕರ.

## ಇತಿಹಾಸ

ಫ್ರೆಂಚ್ ವಿಜ್ಞಾನಿ ಡೆನಿಸ್ ಪಾಪಿನ್ 1679ರಲ್ಲಿ ಲಂಡನ್ನಿನಲ್ಲಿ ರೂಪಿಸಿದ ಹಬೆಯ ಪಾತ್ರೆ ಇಂದಿನ ಪ್ರೆಶರ್ ಕುಕ್ಕರಿನ ಪೂರ್ವಜ. ಅದರ ಮುಚ್ಚಳ ಸಿಡಿಯದಂತೆ ಆತನು ತೂಕ ತೂಗುಬಿಟ್ಟ ಸನ್ನೆಯ ಸುರಕ್ಷಾ ಕವಾಟವನ್ನು ಅಳವಡಿಸಿದನು. ಒತ್ತಡವನ್ನು ಹೊರಹಾಕುವ ಬದಲು ಹಿಡಿತದಲ್ಲಿಡುವ ಸಾಧನಗಳು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳೆದವು. ಅಮೆರಿಕದ ಅಯೋವಾ ರಾಜ್ಯದ ಮಾರ್ಷಲ್‌ಟೌನಿನಲ್ಲಿ ವಿಲಿಯಂ ಫಿಷರ್ 1880ರಲ್ಲಿ ಹಬೆಯ ಪಂಪುಗಳ ಒತ್ತಡವನ್ನು ಏಕಪ್ರಕಾರವಾಗಿಡುವ ನಿಯಂತ್ರಕವನ್ನು ತಯಾರಿಸತೊಡಗಿದನು. ಜರ್ಮನಿಯ ಲ್ಯೂಬೆಕ್ ನಗರದ ಹೈನ್ರಿಶ್ ಡ್ರೇಗರ್ 1889ರಲ್ಲಿ ಸಿಲಿಂಡರಿನ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಕಡಿಮೆ ಒತ್ತಡಕ್ಕೆ ಇಳಿಸುವ ಕವಾಟವನ್ನು ರೂಪಿಸಿದನು.

ಭಾರತದಲ್ಲಿ 1863ರಲ್ಲಿ ಕಲ್ಕತ್ತೆಯಲ್ಲಿ ಸಂಭವಿಸಿದ ಬಾಯ್ಲರ್ ಸ್ಫೋಟದಲ್ಲಿ ಹಲವರು ಮೃತಪಟ್ಟ ಬಳಿಕ, 1864ರಲ್ಲಿ ಬಂಗಾಳದಲ್ಲಿ ಬಾಯ್ಲರುಗಳ ತಪಾಸಣೆಗೆ ಕಾಯಿದೆ ಬಂದಿತು. ಪ್ರಾಂತ್ಯಕ್ಕೊಂದರಂತಿದ್ದ ನಿಯಮಗಳನ್ನು ಒಂದುಗೂಡಿಸಿ 1923ರಲ್ಲಿ ಭಾರತೀಯ ಬಾಯ್ಲರುಗಳ ಅಧಿನಿಯಮವೂ, 1950ರಲ್ಲಿ ಅದರ ವಿವರವಾದ ನಿಬಂಧನೆಗಳೂ ರೂಪುಗೊಂಡವು. 1923ರ ಅಧಿನಿಯಮದ ಸ್ಥಾನದಲ್ಲಿ ಸಂಸತ್ತು 2025ರಲ್ಲಿ ಹೊಸ ಅಧಿನಿಯಮವನ್ನು ಅಂಗೀಕರಿಸಿತು. ಕರ್ನಾಟಕದಲ್ಲಿ ಇದರ ಹೊಣೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯದು.

## ಒತ್ತಡ ಇಳಿಸುವ ಅಗತ್ಯ

ಬಾಯ್ಲರಿನಲ್ಲಿ ಹಬೆಯನ್ನು ಹೆಚ್ಚಿನ ಒತ್ತಡದಲ್ಲಿ ತಯಾರಿಸಿ, ಬಳಸುವ ಸ್ಥಳದಲ್ಲಿ ಒತ್ತಡ ಇಳಿಸುವುದು ಸಾಮಾನ್ಯ ಪದ್ಧತಿ. ಹೆಚ್ಚಿನ ಒತ್ತಡದ ಹಬೆ ಕಡಿಮೆ ಜಾಗ ಹಿಡಿಯುವುದರಿಂದ ಸಣ್ಣ ಕೊಳವೆ ಸಾಕಾಗುತ್ತದೆ. ಮಾಪಕದಲ್ಲಿ 10 ಬಾರ್ ತೋರುವ ಒಂದು ಕಿಲೋಗ್ರಾಂ ಒಣ ಹಬೆ ಸುಮಾರು 0.18 ಘನ ಮೀಟರ್ ಜಾಗ ಹಿಡಿದರೆ, 3 ಬಾರ್‌ನಲ್ಲಿ ಅದೇ ಹಬೆಗೆ ಸುಮಾರು 0.46 ಘನ ಮೀಟರ್ ಬೇಕು. ಈ ಕಾರಣದಿಂದಲೇ ಕವಾಟದ ನಂತರದ ಕೊಳವೆ ಅದರ ಹಿಂದಿನದಕ್ಕಿಂತ ದಪ್ಪವಾಗಿರಬೇಕು.

ಹಬೆಯ ಒತ್ತಡಕ್ಕೂ ಉಷ್ಣತೆಗೂ ನೇರ ಸಂಬಂಧವಿದೆ. ಮಾಪಕದ 1 ಬಾರ್‌ನಲ್ಲಿ ಹಬೆಯ ಉಷ್ಣತೆ ಸುಮಾರು 120 ಡಿಗ್ರಿ ಸೆಲ್ಸಿಯಸ್, 3 ಬಾರ್‌ನಲ್ಲಿ 144, 7 ಬಾರ್‌ನಲ್ಲಿ 170, 10 ಬಾರ್‌ನಲ್ಲಿ 184. ಆದುದರಿಂದ ಒತ್ತಡವನ್ನು ಹಿಡಿತದಲ್ಲಿಡುವುದೆಂದರೆ ಬೇಯಿಸುವ ಶಾಖವನ್ನು ಹಿಡಿತದಲ್ಲಿಡುವುದೇ ಆಗಿದೆ. ಕಡಿಮೆ ಒತ್ತಡದ ಹಬೆ ತಣಿದು ನೀರಾಗುವಾಗ ಬಿಟ್ಟುಕೊಡುವ ಗುಪ್ತೋಷ್ಣ ಹೆಚ್ಚು: 10 ಬಾರ್‌ನಲ್ಲಿ ಕಿಲೋಗ್ರಾಮಿಗೆ ಸುಮಾರು 2000 ಕಿಲೋಜೂಲ್ ಇದ್ದರೆ, 3 ಬಾರ್‌ನಲ್ಲಿ ಸುಮಾರು 2130. ಆದಕಾರಣ ಕೆಲಸ ಸಾಗುವ ಕನಿಷ್ಠ ಒತ್ತಡದಲ್ಲಿ ಹಬೆ ಬಳಸಿದರೆ ಉರುವಲೂ ಉಳಿಯುತ್ತದೆ.

## ಕರಾವಳಿಯ ಉದ್ಯಮಗಳಲ್ಲಿ

ಸಾಸ್ತಾನ, ಸಾಲಿಗ್ರಾಮ, ಕೋಟ, ಕುಂದಾಪುರಗಳನ್ನು ಹಾದು ಬೈಂದೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಎರಡೂ ಬದಿಯ ಗ್ರಾಮಾಂತರದಲ್ಲಿ ಹಬೆಯನ್ನು ಆಶ್ರಯಿಸಿದ ಎರಡು ಉದ್ಯಮಗಳು ಪ್ರಮುಖವಾಗಿವೆ.

ಗೇರುಬೀಜ ಸಂಸ್ಕರಣೆ. ಒಣಗಿಸಿದ ಗೇರುಬೀಜವನ್ನು ಮುಚ್ಚಿದ ಪಾತ್ರೆಯಲ್ಲಿ ಹಬೆಗೆ ಒಡ್ಡಿ, ಆರಿಸಿ, ಬಳಿಕ ಸಿಪ್ಪೆ ಕತ್ತರಿಸಿ ತಿರುಳನ್ನು ಬೇರ್ಪಡಿಸಲಾಗುತ್ತದೆ. ಹಬೆ ಸಾಲದಿದ್ದರೆ ಸಿಪ್ಪೆ ಬಿರುಸಾಗಿಯೇ ಉಳಿದು ತಿರುಳು ಒಡೆಯುತ್ತದೆ. ಹಬೆ ಅತಿಯಾದರೆ ಸಿಪ್ಪೆಯೊಳಗಿನ ಎಣ್ಣೆ ಒಸರಿ ತಿರುಳಿಗೆ ಕಲೆ ಹತ್ತುತ್ತದೆ. ಇಡೀ ಬಿಳಿ ತಿರುಳಿಗೂ ಒಡೆದ ಅಥವಾ ಬಣ್ಣಗೆಟ್ಟ ತಿರುಳಿಗೂ ಬೆಲೆಯಲ್ಲಿ ದೊಡ್ಡ ಅಂತರವಿರುವುದರಿಂದ ಒತ್ತಡದ ಏರುಪೇರು ನೇರವಾಗಿ ನಷ್ಟವಾಗುತ್ತದೆ. ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುವ ಗುಣವುಳ್ಳದ್ದು. ಪಾತ್ರೆಯಿಂದ ಒಸರುವ ಹಬೆ ಮತ್ತು ನೀರು ಕಾರ್ಮಿಕರಿಗೆ ಎರಡು ಬಗೆಯ ಅಪಾಯವನ್ನು ಒಡ್ಡುತ್ತವೆ. ಈ ಉದ್ಯಮದ ಕಾರ್ಮಿಕರಲ್ಲಿ ಬಹುಪಾಲು ಮಹಿಳೆಯರು.

ಕುಚ್ಚಲಕ್ಕಿ ಗಿರಣಿ. ಭತ್ತವನ್ನು ಬಿಸಿನೀರಿನಲ್ಲಿ ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಅಕ್ಕಿ ಮಾಡಲಾಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಬಳಕೆಗೆ ತಂದ ಬಿಸಿನೀರಿನ ನೆನೆಯುವಿಕೆಯ ವಿಧಾನ ದೇಶದ ಹಲವೆಡೆ ಪ್ರಚಾರಕ್ಕೆ ಬಂದಿತು. ಬೇಯುವುದು ಕಡಿಮೆಯಾದರೆ ಕಾಳಿನ ನಡುವೆ ಬಿಳಿ ಹೊಟ್ಟೆ ಉಳಿದು ಗಿರಣಿಯಲ್ಲಿ ನುಚ್ಚಾಗುತ್ತದೆ. ಹೆಚ್ಚಾದರೆ ಉಮಿ ಬಿರಿದು ಅಕ್ಕಿಯ ಬಣ್ಣ ಕಡುವಾಗುತ್ತದೆ. ಉಮಿಯನ್ನೇ ಬಾಯ್ಲರಿಗೆ ಉರುವಲಾಗಿ ಬಳಸುವಲ್ಲಿ ಉರಿ ಒಂದೇ ಸಮನಾಗಿರುವುದು ಕಷ್ಟ. ಬಾಯ್ಲರಿನ ಏರಿಳಿತ ಬೇಯಿಸುವ ತೊಟ್ಟಿಗೆ ತಟ್ಟದಂತೆ ತಡೆಯುವುದು ನಿಯಂತ್ರಕದ ಕೆಲಸ.

ಕಡಲ ತೀರದ ಉಪ್ಪುಗಾಳಿ ಮತ್ತು ಜೂನಿನಿಂದ ಸೆಪ್ಟೆಂಬರಿನವರೆಗಿನ ಎಡೆಬಿಡದ ಮಳೆ ಇಲ್ಲಿ ಕವಾಟಗಳ ವಿಶೇಷ ಶತ್ರುಗಳು. ಮಳೆಗಾಲದಲ್ಲಿ ಕೆಲಸ ನಿಂತ ಕವಾಟದೊಳಗೆ ನೀರು ಉಳಿದು, ಪಿಸ್ಟನ್ ತುಕ್ಕಿನಿಂದ ಅಂಟಿಕೊಳ್ಳುತ್ತದೆ. ಹೊಂದಾಣಿಕೆ ತಿರುಪಿನ ಎಳೆಗಳು ಕಚ್ಚಿಕೊಳ್ಳುತ್ತವೆ. ಅಳಿವೆಗೆ ಸಮೀಪದ ಬಾವಿಗಳ ಉಪ್ಪುನೀರನ್ನು ಸಂಸ್ಕರಿಸದೆ ಬಾಯ್ಲರಿಗೆ ಊಡಿದರೆ ನೊರೆಯೆದ್ದು, ನೀರೂ ಲವಣವೂ ಹಬೆಯೊಡನೆ ಬಂದು ಕವಾಟದ ಪೀಠದ ಮೇಲೆ ಕೂರುತ್ತವೆ.

## ರಚನೆ ಮತ್ತು ಕಾರ್ಯವಿಧಾನ

ಹಬೆಯ ಕವಾಟಗಳಲ್ಲಿ ಎರಡು ಮುಖ್ಯ ವಿಧಗಳಿವೆ.

ನೇರ ಕ್ರಿಯೆಯ ಕವಾಟ. ಇದರಲ್ಲಿ ಹೊಂದಾಣಿಕೆಯ ಸ್ಪ್ರಿಂಗ್ ಒಂದು ಕಡೆಯಿಂದ ಬಿಲ್ಲೆಯನ್ನು ತೆರೆಯಲು ನೂಕುತ್ತದೆ. ಹೊರಹೋಗುವ ಕಡೆಯ ಒತ್ತಡ ಡಯಾಫ್ರಮ್ ಅಥವಾ ಬೆಲ್ಲೋಸ್ ಮೂಲಕ ಮುಚ್ಚಲು ನೂಕುತ್ತದೆ. ಎರಡೂ ಸಮವಾದಲ್ಲಿ ಬಿಲ್ಲೆ ನಿಲ್ಲುತ್ತದೆ. ರಚನೆ ಸರಳ, ಆದರೆ ಬಳಕೆ ಹೆಚ್ಚಿದಂತೆ ಒತ್ತಡ ಸ್ವಲ್ಪ ಕುಸಿಯುತ್ತದೆ, ಬಳಕೆ ನಿಂತಾಗ ಸ್ವಲ್ಪ ಏರುತ್ತದೆ. ಇದು ಸ್ವಭಾವವೇ ಹೊರತು ದೋಷವಲ್ಲ.

ಪೈಲಟ್ ಚಾಲಿತ ಕವಾಟ. ಇದರಲ್ಲಿ ಸಣ್ಣ ಪೈಲಟ್ ಕವಾಟವೊಂದು ದೊಡ್ಡ ಮುಖ್ಯ ಕವಾಟವನ್ನು ಆಳುತ್ತದೆ. ಪಿಸ್ಟನ್ ಮಾದರಿಯಲ್ಲಿ ಒಳಬರುವ ಹಬೆಯ ಸ್ವಲ್ಪ ಭಾಗ ಪೈಲಟ್ ಮೂಲಕ ಪಿಸ್ಟನ್ನಿನ ಮೇಲೆ ಬಂದು ಅದನ್ನು ಕೆಳಗೆ ಒತ್ತಿ ಮುಖ್ಯ ಬಿಲ್ಲೆಯನ್ನು ತೆರೆಯುತ್ತದೆ. ಹೊರಹೋಗುವ ಕಡೆಯ ಒತ್ತಡ ನಿಗದಿತ ಮಟ್ಟಕ್ಕೆ ಏರಿದೊಡನೆ ಡಯಾಫ್ರಮ್ ಮೇಲೆದ್ದು ಪೈಲಟ್ ಮುಚ್ಚಿಕೊಳ್ಳುತ್ತದೆ. ಪಿಸ್ಟನ್ನಿನ ಮೇಲಿನ ಹಬೆ ಸೂಕ್ಷ್ಮ ರಂಧ್ರದ ಮೂಲಕ ಹೊರಗಡೆಯ ಕೊಳವೆಗೆ ಜಾರುತ್ತದೆ. ಕೆಳಗಿನ ಸ್ಪ್ರಿಂಗ್ ಮುಖ್ಯ ಬಿಲ್ಲೆಯನ್ನು ಪೀಠಕ್ಕೆ ಕೂರಿಸುತ್ತದೆ. ದೋಷಪತ್ತೆಯ ಬಹುಪಾಲು ಈ ಸರಪಣಿಯ ಯಾವ ಕೊಂಡಿ ಕಡಿದಿದೆ ಎಂದು ಗುರುತಿಸುವುದರಲ್ಲಿಯೇ ಇದೆ.

ಕವಾಟ ಒಂಟಿಯಾಗಿ ಇರುವುದಿಲ್ಲ. ಅದರ ಹಿಂದೆ ನೀರು ಬೇರ್ಪಡಿಸುವ ಪಾತ್ರೆ, ಹಬೆ ಬಲೆ ಮತ್ತು ಜರಡಿ, ಎರಡೂ ಕಡೆ ತಡೆ ಕವಾಟ ಮತ್ತು ಒತ್ತಡ ಮಾಪಕ, ಮುಂದೆ ಸುರಕ್ಷಾ ಕವಾಟ, ಹಲವೆಡೆ ಪಕ್ಕದಲ್ಲೊಂದು ಬಳಸುದಾರಿಯ ಕೊಳವೆ ಇವೆಲ್ಲ ಸೇರಿ ಒಂದು ನಿಲ್ದಾಣವಾಗುತ್ತದೆ.

## ಬಿಚ್ಚುವುದು

ಕವಾಟವನ್ನು ಮುಟ್ಟುವ ಮೊದಲು ಎರಡೂ ಕಡೆಯ ತಡೆ ಕವಾಟಗಳನ್ನೂ ಬಳಸುದಾರಿಯನ್ನೂ ಮುಚ್ಚಿ, ಬೇರೆಯವರು ತೆರೆಯದಂತೆ ಬೀಗ ಹಾಕಿ, ಫಲಕ ತೂಗುಬಿಡಬೇಕು. ಬಸಿ ತೂಬನ್ನು ತೆರೆದು ಒತ್ತಡ ಪೂರ್ತಿ ಹೊರಹೋದುದನ್ನು ಖಚಿತಪಡಿಸಿಕೊಳ್ಳಬೇಕು. ಮಾಪಕದ ಮುಳ್ಳು ಸೊನ್ನೆಯಲ್ಲಿದೆ ಎಂಬುದೊಂದೇ ಸಾಕ್ಷಿಯಲ್ಲ. ಕೆಟ್ಟ ಮಾಪಕವೂ ಸೊನ್ನೆಯನ್ನು ತೋರಬಹುದು. ಹಳೆಯ ತಡೆ ಕವಾಟ ಒಳಗೊಳಗೆ ಸೋರುತ್ತಿರಬಹುದಾದ್ದರಿಂದ ಕೆಲಸ ಮುಗಿಯುವವರೆಗೂ ಬಸಿ ತೂಬು ತೆರೆದೇ ಇರಬೇಕು. ಲೋಹ ಕೈಯಿಂದ ಮುಟ್ಟುವಷ್ಟು ತಣಿದ ಮೇಲೆಯೇ ಬೋಲ್ಟುಗಳಿಗೆ ಕೈ ಹಾಕಬೇಕು.

ಮೊದಲು ಹೊಂದಾಣಿಕೆ ತಿರುಪನ್ನು ಅಪ್ರದಕ್ಷಿಣವಾಗಿ ತಿರುಗಿಸಿ ಸ್ಪ್ರಿಂಗಿನ ಬಿಗಿಯನ್ನು ಸಂಪೂರ್ಣ ಸಡಿಲಿಸಬೇಕು. ಬಿಗಿ ಉಳಿದಿರುವಾಗಲೇ ಮುಚ್ಚಳ ತೆಗೆದರೆ ಸ್ಪ್ರಿಂಗ್ ಸಿಡಿದು ಗಾಯವಾಗುತ್ತದೆ. ತಿರುಪಿನ ಎಷ್ಟು ಭಾಗ ಹೊರಗಿತ್ತು ಎಂದು ಅಳೆದು ಬರೆದಿಟ್ಟರೆ ಮರುಜೋಡಣೆಯ ನಂತರ ಹೊಂದಾಣಿಕೆಗೆ ನೆರವಾಗುತ್ತದೆ. ಮುಚ್ಚಳ ಮತ್ತು ದೇಹದ ಮೇಲೆ ಎದುರುಬದುರಾಗಿ ಗುರುತು ಮಾಡಿ, ತೆಗೆದ ಭಾಗಗಳನ್ನು ತೆಗೆದ ಕ್ರಮದಲ್ಲಿಯೇ ಶುಭ್ರವಾದ ಬಟ್ಟೆಯ ಮೇಲೆ ಸಾಲಾಗಿ ಇಡಬೇಕು. ಲೋಹದ ಡಯಾಫ್ರಮ್ ಹಾಳೆಗಳ ಸಂಖ್ಯೆಯನ್ನೂ, ಯಾವ ಮುಖ ಮೇಲಿತ್ತು ಎಂಬುದನ್ನೂ ಗಮನಿಸಬೇಕು.

ಹಳೆಯ ಕವಾಟಗಳ ಗ್ಯಾಸ್ಕೆಟ್‌ನಲ್ಲಿ ಕಲ್ನಾರು ಇರುವ ಸಾಧ್ಯತೆಯಿದೆ. ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದ್ದರಿಂದ ಒಣಗಿದ್ದಾಗ ಉಜ್ಜದೆ, ನೀರಿನಲ್ಲಿ ನೆನೆಸಿ ತೆಗೆದು ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಬೇಕು.

## ಪರೀಕ್ಷೆ ಮತ್ತು ಶುಚಿ

* ಪೀಠ ಮತ್ತು ಬಿಲ್ಲೆ: ಮೈ ನುಣುಪಾಗಿ, ಸುತ್ತಲೂ ಕಡಿಯದ ಒಂದೇ ಉಂಗುರದಂತೆ ತಾಗುವ ಗುರುತು ಇರಬೇಕು. ಒದ್ದೆ ಹಬೆ ಕಿರುಸಂದಿಯಲ್ಲಿ ಅತಿವೇಗದಿಂದ ನುಗ್ಗಿ ಲೋಹವನ್ನು ತಂತಿಯೆಳೆದಂತೆ ಕೊರೆದ ಗೀರುಗಳಿದ್ದರೆ ಕವಾಟ ಮುಚ್ಚಿದರೂ ಸೋರುತ್ತದೆ. ಗೀರು ಹಗುರವಾಗಿದ್ದರೆ ಸಪಾಟಾದ ಫಲಕದ ಮೇಲೆ ನುಣುಪಾದ ಉಜ್ಜುಲೇಪ ಹಚ್ಚಿ, 8ರ ಆಕಾರದಲ್ಲಿ ಉಜ್ಜಿ ಸಮಗೊಳಿಸಬಹುದು. ಆಳವಾಗಿದ್ದರೆ ಭಾಗವನ್ನೇ ಬದಲಿಸಬೇಕು.
* ಪಿಸ್ಟನ್: ಒಣಗಿದ ಸಿಲಿಂಡರಿನಲ್ಲಿ ಬೆರಳಿನ ಹಗುರ ಒತ್ತಿಗೆ ಎಲ್ಲಿಯೂ ತಡೆಯದೆ ಚಲಿಸಬೇಕು. ಎಣ್ಣೆ ಹಚ್ಚಿ ಸರಾಗಗೊಳಿಸುವುದು ತಪ್ಪು; ಹಬೆಯ ಶಾಖಕ್ಕೆ ಎಣ್ಣೆ ಕರಿದು ಅಂಟಾಗಿ ಪಿಸ್ಟನ್ನನ್ನು ಹಿಡಿಯುತ್ತದೆ.
* ಸೂಕ್ಷ್ಮ ರಂಧ್ರ: ಮೆತುವಾದ ತಾಮ್ರದ ತಂತಿಯಿಂದ ಬಿಡಿಸಿ ಗಾಳಿ ಊದಬೇಕು. ಉಕ್ಕಿನ ಸೂಜಿ ಅಥವಾ ಡ್ರಿಲ್ ಬಳಸಿ ರಂಧ್ರ ಹಿಗ್ಗಿದರೆ ಪಿಸ್ಟನ್ನಿನ ಮೇಲೆ ಒತ್ತಡ ನಿಲ್ಲದೆ ಕವಾಟ ಪೂರ್ತಿ ತೆರೆಯುವುದಿಲ್ಲ.
* ಡಯಾಫ್ರಮ್: ಬೆಳಕಿಗೆ ಹಿಡಿದು ಬಿರುಕು, ರಂಧ್ರ, ಶಾಶ್ವತ ಉಬ್ಬುಗಳನ್ನು ನೋಡಬೇಕು.
* ಸ್ಪ್ರಿಂಗ್: ತುಕ್ಕು ತಿಂದು ತೆಳುವಾದ ಅಥವಾ ವಾಲಿದ ಸ್ಪ್ರಿಂಗನ್ನು ಬದಲಿಸಬೇಕು. ಬದಲಿ ಸ್ಪ್ರಿಂಗ್ ಅದೇ ಒತ್ತಡ ವ್ಯಾಪ್ತಿಯದ್ದಾಗಿರಬೇಕು. ಗಾತ್ರದಲ್ಲಿ ಕೂರುತ್ತದೆ ಎಂಬ ಕಾರಣಕ್ಕೆ ಬೇರೆಯದನ್ನು ಹಾಕಬಾರದು.

## ಮರುಜೋಡಣೆ

1. ದೇಹದ ಒಳಭಾಗವನ್ನು ಒರೆಸಿ, ಉಜ್ಜುಲೇಪದ ಕಣಗಳು ಉಳಿಯದಂತೆ ತೊಳೆದು ಒಣಗಿಸಬೇಕು.
2. ಮುಖ್ಯ ಬಿಲ್ಲೆ, ಅದರ ಸ್ಪ್ರಿಂಗ್ ಮತ್ತು ತಳದ ಮುಚ್ಚಳವನ್ನು ಹೊಸ ಗ್ಯಾಸ್ಕೆಟ್ ಸಹಿತ ಕೂರಿಸಬೇಕು. ಬಿಲ್ಲೆಯನ್ನು ಒತ್ತಿ ಬಿಟ್ಟಾಗ ಅದು ತಾನಾಗಿಯೇ ಪೀಠಕ್ಕೆ ಮರಳಬೇಕು.
3. ಪಿಸ್ಟನ್ನನ್ನು ಅದರ ಉಂಗುರಗಳೊಡನೆ ಸಿಲಿಂಡರಿಗೆ ಇಳಿಸಬೇಕು. ಎರಡು ಉಂಗುರಗಳಿದ್ದರೆ ಅವುಗಳ ಬಾಯಿಗಳು ಒಂದರ ಮೇಲೊಂದು ಬರಬಾರದು.
4. ಪೈಲಟ್ ಭಾಗವನ್ನು ಜೋಡಿಸುವಾಗ ಗ್ಯಾಸ್ಕೆಟ್‌ನ ರಂಧ್ರಗಳು ದೇಹದ ಹಬೆ ದಾರಿಗಳಿಗೆ ಸರಿಯಾಗಿ ಎದುರಾಗಬೇಕು. ತಿರುವುಮುರುವಾದ ಗ್ಯಾಸ್ಕೆಟ್ ದಾರಿಯನ್ನೇ ಮುಚ್ಚುತ್ತದೆ. ಆಗ ಎಲ್ಲ ಭಾಗಗಳು ಸರಿಯಿದ್ದರೂ ಕವಾಟ ಕೆಲಸ ಮಾಡದು.
5. ಡಯಾಫ್ರಮ್, ಅದರ ಮೇಲಿನ ಒತ್ತುಬಿಲ್ಲೆ, ಸ್ಪ್ರಿಂಗ್ ಮತ್ತು ಮುಚ್ಚಳವನ್ನು ಕ್ರಮವಾಗಿ ಇಟ್ಟು, ಗುರುತುಗಳು ಕೂಡುವಂತೆ ಹೊಂದಿಸಬೇಕು. ತಿರುಪು ಸಡಿಲವಾಗಿಯೇ ಇರಬೇಕು.
6. ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸುತ್ತಿ ಬರದೆ, ಎದುರುಬದುರು ಜೋಡಿಗಳಾಗಿ, ಎರಡು ಮೂರು ಸುತ್ತುಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಎಳೆಗಳಿಗೆ ಗ್ರಾಫೈಟ್ ಲೇಪ ಹಚ್ಚಿದರೆ ಉಪ್ಪುಗಾಳಿಯಲ್ಲಿಯೂ ಮುಂದಿನ ಸಲ ಬಿಚ್ಚುವುದು ಸುಲಭ.
7. ಕವಾಟವನ್ನು ಕೊಳವೆಗೆ ಜೋಡಿಸುವ ಮೊದಲು ಕೊಳವೆಯಲ್ಲಿ ಹಬೆ ಹಾಯಿಸಿ ತುಕ್ಕು, ಬೆಸುಗೆಯ ಚೂರುಗಳನ್ನು ಸುರಕ್ಷಿತ ದಿಕ್ಕಿಗೆ ಊದಿಹಾಕಬೇಕು. ದೇಹದ ಮೇಲಿನ ಬಾಣ ಹರಿವಿನ ದಿಕ್ಕಿಗೆ ಇರಬೇಕು.

ಚಾಲನೆಯಲ್ಲಿ ಅವಸರ ಸಲ್ಲದು. ಬಸಿ ತೂಬಿನಲ್ಲಿ ನೀರು ಹೋದ ಮೇಲೆ ಒಳಬರುವ ಕಡೆಯ ತಡೆ ಕವಾಟವನ್ನು ನಿಧಾನವಾಗಿ ತೆರೆಯಬೇಕು. ಕೊಳವೆಯಲ್ಲಿ ನಿಂತ ನೀರನ್ನು ಹಬೆ ಒಮ್ಮೆಲೇ ತಳ್ಳಿದರೆ ಸುತ್ತಿಗೆಯ ಪೆಟ್ಟಿನಂತಹ ಆಘಾತವಾಗುತ್ತದೆ. ಬಳಿಕ ಹೊರಗಡೆಯ ತಡೆ ಕವಾಟವನ್ನು ತುಸು ತೆರೆದು, ಹಬೆ ಹರಿಯುತ್ತಿರುವಾಗಲೇ ತಿರುಪನ್ನು ಪ್ರದಕ್ಷಿಣವಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಮಾಪಕ ಸ್ಥಿರವಾಗುವುದನ್ನು ಕಾಯುತ್ತ ನಿಗದಿತ ಒತ್ತಡಕ್ಕೆ ತರಬೇಕು. ಪೂರ್ಣ ಬಳಕೆಯಲ್ಲಿ ಮತ್ತೊಮ್ಮೆ ಸರಿಪಡಿಸಿ ಬಿಗಿನಟ್ಟನ್ನು ಬಿಗಿಯಬೇಕು.

## ದೋಷಪತ್ತೆ

ಕವಾಟದ ದೋಷವೆಂದು ಕಾಣುವುದು ಎಷ್ಟೋ ಸಲ ಅದರ ಅಕ್ಕಪಕ್ಕದ ದೋಷವಾಗಿರುತ್ತದೆ. ಆದುದರಿಂದ ಬಿಚ್ಚುವ ಮೊದಲು ಮಾಪಕ, ಬಳಸುದಾರಿ, ಒಳಬರುವ ಒತ್ತಡ, ಜರಡಿ, ಹಬೆ ಬಲೆ ಇವನ್ನು ಇದೇ ಕ್ರಮದಲ್ಲಿ ಪರೀಕ್ಷಿಸುವುದು ಲೇಸು.

ಹೊರಗಡೆಯ ಒತ್ತಡ ಮಿತಿಮೀರಿ ಏರುವುದು. ಬಳಸುದಾರಿಯ ಕವಾಟ ಸೋರುತ್ತಿರಬಹುದು. ಆಗ ನಿಯಂತ್ರಕವನ್ನು ಎಷ್ಟು ಸರಿಪಡಿಸಿದರೂ ಫಲವಿಲ್ಲ. ಅದು ಸರಿಯಿದ್ದರೆ ಮುಖ್ಯ ಪೀಠ ಅಥವಾ ಪೈಲಟ್ ಪೀಠದಲ್ಲಿ ಕಸ, ಅಂಟಿದ ಪಿಸ್ಟನ್, ಕಟ್ಟಿದ ಸೂಕ್ಷ್ಮ ರಂಧ್ರ, ಕಟ್ಟಿದ ಒತ್ತಡಗ್ರಾಹಿ ಕೊಳವೆ ಇವು ಕಾರಣಗಳು. ಒತ್ತಡಗ್ರಾಹಿ ಕೊಳವೆ ಕಟ್ಟಿದಾಗ ಹೊರಗಡೆಯ ಒತ್ತಡ ಡಯಾಫ್ರಮ್‌ಗೆ ತಿಳಿಯುವುದೇ ಇಲ್ಲ. ಕವಾಟ ಇನ್ನೂ ಸಾಲದೆಂಬಂತೆ ತೆರೆಯುತ್ತಲೇ ಹೋಗುತ್ತದೆ. ತಿರುಪನ್ನು ಪೂರ್ತಿ ಸಡಿಲಿಸಿದರೂ ಹಬೆ ನಿಲ್ಲದಿದ್ದರೆ ದೋಷ ಹೊಂದಾಣಿಕೆಯಲ್ಲಿಲ್ಲ, ಪೀಠ ಅಥವಾ ಪಿಸ್ಟನ್ನಿನಲ್ಲಿದೆ ಎಂದು ತಿಳಿಯಬೇಕು.

ಒತ್ತಡ ಸಾಲದಿರುವುದು. ಒಳಬರುವ ಕಡೆಯ ಮಾಪಕವೂ ಇಳಿದಿದ್ದರೆ ಬಾಯ್ಲರ್ ಅಥವಾ ಕಟ್ಟಿದ ಜರಡಿ ಕಾರಣ. ಬಳಕೆಯಿಲ್ಲದಾಗ ಒತ್ತಡ ಸರಿಯಿದ್ದು ಬಳಕೆಯ ಹೊತ್ತಿನಲ್ಲಿ ಕುಸಿದರೆ ಜರಡಿ ಅರೆಕಟ್ಟಿದೆ ಅಥವಾ ಕವಾಟದ ಗಾತ್ರ ಸಾಲದು. ಸವೆದ ಪಿಸ್ಟನ್ ಉಂಗುರ, ಹಿಗ್ಗಿದ ಸೂಕ್ಷ್ಮ ರಂಧ್ರ, ಪೈಲಟ್ ಜರಡಿಯ ಕಸ ಇತರ ಕಾರಣಗಳು.

ಒತ್ತಡ ತೂಗುಯ್ಯಾಲೆಯಂತೆ ಏರಿಳಿಯುವುದು. ಅಗತ್ಯಕ್ಕಿಂತ ದೊಡ್ಡ ಕವಾಟ, ಒದ್ದೆ ಹಬೆ, ಕವಾಟಕ್ಕೆ ತೀರ ಹತ್ತಿರದ ಸುಳಿಯಿರುವ ಜಾಗದಿಂದ ಒತ್ತಡ ಗ್ರಹಿಸುವುದು, ಪಿಸ್ಟನ್ ತಡೆತಡೆದು ಚಲಿಸುವುದು ಇವು ಮುಖ್ಯ ಕಾರಣಗಳು. ಕೊಳವೆಯ ಗಾತ್ರಕ್ಕೇ ಕವಾಟವನ್ನು ಕೊಳ್ಳುವ ರೂಢಿಯಿಂದ ದೊಡ್ಡ ಕವಾಟ ಬಂದಿರುತ್ತದೆ. ಅದು ಸದಾ ಪೀಠಕ್ಕೆ ತಾಗಿದಂತೆ ಕಿಂಚಿತ್ತೇ ತೆರೆದು ಕೆಲಸಮಾಡುವುದರಿಂದ ಪೀಠ ಬೇಗ ಕೊರೆದುಹೋಗುತ್ತದೆ.

ಸ್ಪ್ರಿಂಗ್ ಮನೆಯ ರಂಧ್ರದಿಂದ ಹಬೆ ಬರುವುದು. ಡಯಾಫ್ರಮ್ ಹರಿದಿರುವುದರ ಸ್ಪಷ್ಟ ಸೂಚನೆ. ಈ ರಂಧ್ರವನ್ನು ಬೆಣೆಯಿಟ್ಟು ಮುಚ್ಚುವುದು ಅಪಾಯಕರ ಮತ್ತು ದೋಷವನ್ನು ಅಡಗಿಸುವ ಕೆಲಸ.

ಕೀರಲು ಸದ್ದು, ಬಡಿತ. ಒಂದೇ ಕವಾಟದಲ್ಲಿ ಅತಿಯಾದ ಒತ್ತಡ ಇಳಿಕೆ ಇದ್ದರೆ ಸದ್ದು ಹೆಚ್ಚು; ಆಗ ಎರಡು ಕವಾಟಗಳನ್ನು ಅಂತರವಿಟ್ಟು ಸಾಲಾಗಿ ಜೋಡಿಸಲಾಗುತ್ತದೆ. ಬಡಿತವಿದ್ದರೆ ಕೊಳವೆಯಲ್ಲಿ ನೀರು ನಿಲ್ಲುತ್ತಿದೆಯೇ ಎಂದು ನೋಡಬೇಕು.

## ಸುರಕ್ಷತೆ

ನಿಯಂತ್ರಕದ ಮುಂದಿನ ಪಾತ್ರೆ ಬಾಯ್ಲರಿನ ಪೂರ್ಣ ಒತ್ತಡವನ್ನು ತಾಳುವಂತೆ ಕಟ್ಟಿದ್ದಲ್ಲದಿದ್ದರೆ, ನಿಯಂತ್ರಕವೊಂದನ್ನೇ ನಂಬುವಂತಿಲ್ಲ. ಬಿಲ್ಲೆ ತೆರೆದ ಸ್ಥಿತಿಯಲ್ಲಿಯೇ ಅಂಟಿಕೊಂಡ ಕ್ಷಣದಲ್ಲಿ ಬಾಯ್ಲರಿನ ಒತ್ತಡವೆಲ್ಲ ಪಾತ್ರೆಯ ಮುಚ್ಚಳದ ಮೇಲೆ ಬೀಳುತ್ತದೆ. ಆದುದರಿಂದ ನಿಯಂತ್ರಕದ ನಂತರ ಸುರಕ್ಷಾ ಕವಾಟ ಅನಿವಾರ್ಯ. ಅದು ಪಾತ್ರೆಯ ಅನುಮತ ಒತ್ತಡವನ್ನು ಮೀರದಂತೆ ತೆರೆಯಬೇಕು. ನಿಯಂತ್ರಕ ಪೂರ್ತಿ ತೆರೆದಾಗ ನುಗ್ಗುವ ಹಬೆಯನ್ನೆಲ್ಲ ಹೊರಹಾಕುವಷ್ಟು ದೊಡ್ಡದಿರಬೇಕು. ಬಳಸುದಾರಿ ಇರುವಲ್ಲಿ ಅದರಿಂದ ಬರಬಹುದಾದ ಹರಿವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸುರಕ್ಷಾ ಕವಾಟಕ್ಕೂ ನಿಯಂತ್ರಕಕ್ಕೂ ನಡುವೆ ತಡೆ ಕವಾಟ ಇರಕೂಡದು. ಸುರಕ್ಷಾ ಕವಾಟದ ಹೊರಬಾಯಿ ಜನ ಓಡಾಡದ ಕಡೆಗೆ ತಿರುಗಿರಬೇಕು.

ನಿಯಂತ್ರಕ ದುರಸ್ತಿಯಲ್ಲಿರುವಾಗ ಬಳಸುದಾರಿಯಿಂದ ಕೆಲಸ ಸಾಗಿಸುವುದಾದರೆ, ಮಾಪಕವನ್ನು ನೋಡುತ್ತ ಕೈಯಿಂದ ಹತೋಟಿ ಮಾಡಲು ಅನುಭವಿಯೊಬ್ಬರು ಅಲ್ಲಿಂದ ಕದಲದೆ ನಿಂತಿರಬೇಕು. ಇದು ಸಾಧ್ಯವಿಲ್ಲದಿದ್ದರೆ ಬೇಯಿಸುವ ಪಾತ್ರೆಯನ್ನು ನಿಲ್ಲಿಸುವುದೇ ಸರಿಯಾದ ಕ್ರಮ.

ಆಮ್ಲಜನಕದ ಸಿಲಿಂಡರಿನ ನಿಯಂತ್ರಕಗಳಿಗೆ ಈ ಲೇಖನದ ದುರಸ್ತಿ ವಿಧಾನ ಅನ್ವಯಿಸುವುದಿಲ್ಲ. ಅವುಗಳಿಗೆ ಎಣ್ಣೆ ಅಥವಾ ಗ್ರೀಸಿನ ಸೋಂಕು ತಗುಲಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಅಡುಗೆ ಅನಿಲದ ರೆಗ್ಯುಲೇಟರನ್ನು ಮನೆಯಲ್ಲಿ ಬಿಚ್ಚದೆ, ದೋಷವಿದ್ದರೆ ವಿತರಕರ ಮೂಲಕ ಬದಲಿಸಿಕೊಳ್ಳಬೇಕು.

## ನಿತ್ಯ ಪಾಲನೆ

ಜರಡಿಯನ್ನು ನಿಯಮಿತವಾಗಿ ಶುಚಿಗೊಳಿಸುವುದು, ಹಬೆ ಬಲೆ ನೀರು ಬಿಡುತ್ತಿದೆಯೇ ಎಂದು ನೋಡುವುದು, ಬಾಯ್ಲರಿಗೆ ಸಂಸ್ಕರಿಸಿದ ನೀರನ್ನೇ ಊಡುವುದು ಕವಾಟದ ಆಯುಸ್ಸನ್ನು ಹೆಚ್ಚಿಸುತ್ತವೆ. ಎರಡೂ ಕಡೆಯ ಮಾಪಕಗಳ ಓದನ್ನು ದಿನವೂ ಪುಸ್ತಕದಲ್ಲಿ ಬರೆದಿಟ್ಟರೆ ದೋಷ ದೊಡ್ಡದಾಗುವ ಮೊದಲೇ ಗೋಚರಿಸುತ್ತದೆ. ಮಳೆಗಾಲದಲ್ಲಿ ಕೆಲಸ ನಿಲ್ಲಿಸುವ ಘಟಕಗಳಲ್ಲಿ ಕವಾಟದ ನೀರನ್ನು ಪೂರ್ತಿ ಬಸಿದು, ತಿರುಪನ್ನು ಸಡಿಲಿಸಿ, ಎಳೆಗಳಿಗೆ ಲೇಪ ಹಚ್ಚಿ ಮುಚ್ಚಿಡುವುದು ಉತ್ತಮ. ಮತ್ತೆ ಆರಂಭಿಸುವ ಮುನ್ನ ಪಿಸ್ಟನ್ ಮತ್ತು ಸುರಕ್ಷಾ ಕವಾಟ ಸರಾಗವಾಗಿ ಚಲಿಸುತ್ತವೆಯೇ ಎಂದು ಪರೀಕ್ಷಿಸಬೇಕು.

## ಇವನ್ನೂ ನೋಡಿ

* ಬಾಯ್ಲರ್
* ಸುರಕ್ಷಾ ಕವಾಟ
* ಹಬೆ ಬಲೆ
* ಗೇರುಬೀಜ
* ಕುಚ್ಚಲಕ್ಕಿ
* ಸಾಸ್ತಾನ